ಹುಳದ ಮನೆಗೆ ಬಂದ ಸುತ್ತಿಗೆ ದೇವರು

ನಮ್ಮ ಮನೆಯಲ್ಲಿ ಒಂದು ಪುಸ್ತಕವಿತ್ತು, ಅದನ್ನು ಓದುವ ಹಾಗಿರಲಿಲ್ಲ. ಮುಟ್ಟಬೇಕಾದರೆ ಸೋಪು ಹಾಕಿ ಕೈ ತೊಳೆದು, ಪೂರ್ತಿ ಒಣಗುವ ತನಕ ಗಾಳಿಯಲ್ಲಿ ಆಡಿಸಿ, ಆಮೇಲೆ ಬಿಳಿ ಗ್ಲೌಸು ತೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮುಟ್ಟುವ ಅಧಿಕಾರ ಇದ್ದದ್ದು ಒಬ್ಬರಿಗೇ, ನನ್ನ ಗಂಡನಿಗೆ. ನಾವು ಉಳಿದವರು, ಅಂದರೆ ನಾನು ಮತ್ತು ನನ್ನ ಅತ್ತೆ, ದೂರದಲ್ಲಿ ನಿಂತು, ಕೆಮ್ಮು ಬಂದರೆ ಆ ಕಡೆ ತಿರುಗಿಕೊಂಡು, ದರ್ಶನ ಮಾಡಿ ಕೃತಾರ್ಥರಾಗಬೇಕಿತ್ತು.

ಅದೊಂದು ಹಳೇ ಅಮೆರಿಕನ್ ಕಾಮಿಕ್ಸ್. ವಯಸ್ಸಿನಲ್ಲಿ ನಮ್ಮನೆಯವರಿಗಿಂತ ಹಿರಿದು, ಆರೋಗ್ಯದಲ್ಲಿ ಅವರಿಗಿಂತ ಚೆನ್ನಾಗಿತ್ತು. ಮುಖಪುಟದ ತುಂಬ ಕೆಂಪು ಗಡ್ಡದ ಒಬ್ಬ ದಾಂಡಿಗ, ಕೈಯಲ್ಲಿ ಗಿಡ್ಡ ಹಿಡಿಯ ಸುತ್ತಿಗೆ, ಹಿಂದೆ ಸೀಳಿಕೊಂಡು ಬರುವ ಸಿಡಿಲು, ಕಾಲಡಿಯಲ್ಲಿ ಭೂಮಿಯನ್ನೇ ಸುತ್ತುಹಾಕಿದ ಹಸಿರು ಹಾವು. ಯೂರೋಪಿನ ಉತ್ತರದ ಹಿಮದ ಸೀಮೆಯಲ್ಲಿ ಬಹಳ ಹಿಂದೆ ಪೂಜೆ ಮಾಡುತ್ತಿದ್ದ ದೇವರುಗಳಲ್ಲಿ ಇವನೊಬ್ಬನಂತೆ. ಪೂಜೆ ಮಾಡುವವರು ಮುಗಿದುಹೋದ ಮೇಲೆ ಅಮೆರಿಕದವರು ಆ ದೇವರುಗಳನ್ನು ಎತ್ತಿ ತಂದು, ಮೈಗಂಟುವ ಚಡ್ಡಿ ತೊಡಿಸಿ, ಪಟ್ಟಣದ ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಹಚ್ಚಿದ್ದರು. ಪಿಂಚಣಿ ಇಲ್ಲದ ದೇವರುಗಳ ಗತಿ ಇಷ್ಟೇ ಅಂತ ನಾನಂದೆ. ನಮ್ಮನೆಯವರು ನಗಲಿಲ್ಲ.

ಅವರು ವಿಮಾನ ನಿಲ್ದಾಣದ ಹತ್ತಿರ ಒಂದು ಗೋದಾಮಿನಲ್ಲಿ ಮ್ಯಾನೇಜರು. ದೇಶದೇಶದ ಪೆಟ್ಟಿಗೆಗಳು ಬರುತ್ತವೆ, ಹೋಗುತ್ತವೆ. ಯಾವುದನ್ನೂ ಬಿಚ್ಚಿ ನೋಡುವ ಹಾಗಿಲ್ಲ. ಆ ಅಭ್ಯಾಸವೇ ಮನೆಗೂ ಬಂತೋ ಏನೋ. ಪ್ಲಾಸ್ಟಿಕ್ ಕವರಿನಲ್ಲಿ, ಬೆನ್ನಿಗೊಂದು ರಟ್ಟು ಕೊಟ್ಟು, ನಿಲ್ಲಿಸಿಟ್ಟ ಪುಸ್ತಕದ ಎದುರು ಸಂಜೆ ಕಾಫಿ ಕುಡಿಯುತ್ತ ಕೂರುತ್ತಿದ್ದರು. ಕಾಫಿ ಲೋಟ ಮಾತ್ರ ಇನ್ನೊಂದು ಮೇಜಿನ ಮೇಲೆ. 'ಒಳಗೇನು ಕಥೆ ಇದೆ ರೀ?' ಅಂತ ಕೇಳಿದರೆ, 'ಓದೋಕೆ ತಂದಿದ್ದಲ್ಲ ಅದು, ಹಾಳೆ ಬಿಡಿಸಿದ್ರೆ ಗ್ರೇಡ್ ಬೀಳುತ್ತೆ, ಬೆಲೆ ಹೋಗುತ್ತೆ' ಅನ್ನುತ್ತಿದ್ದರು. ನಾನು ದೇವನಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಗ್ರೇಡು ಓದದೇ ಇದ್ದರೆ ಬೀಳುತ್ತದೆ ಅಂತ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡವಳು.

ಅವರ ಹುಚ್ಚಿಗೊಂದು ಮೂಲವೂ ಇತ್ತು. ಚಿಕ್ಕವರಿದ್ದಾಗ ಅಪ್ಪನ ಜೊತೆ ಇಲ್ಲೇ ಪಕ್ಕದ ವಿಜಯಪುರಕ್ಕೆ ರೇಷ್ಮೆಗೂಡು ಮಾರಲು ಹೋಗಿದ್ದರಂತೆ. ನೂಲು ತೆಗೆಯುವ ಸಾಹುಕಾರರ ಮನೆಯ ಜಗುಲಿಯಲ್ಲಿ ಅವರ ಮಗ ಇದೇ ಪುಸ್ತಕ ಹಿಡಿದು ಕೂತಿದ್ದನಂತೆ. ಇವರು ಬಗ್ಗಿ ನೋಡಿದ್ದಕ್ಕೆ, 'ಹುಳದ ವಾಸ್ನೆ' ಅಂತ ಮೂಗು ಮುಚ್ಚಿಕೊಂಡು ಎದ್ದು ಒಳಗೆ ಹೋದನಂತೆ. ಈ ಕಥೆ ಹೇಳುವಾಗ ಐವತ್ತು ದಾಟಿದ ಗಂಡಸಿನ ದನಿ ಒಂಥರಾ ಆಗುತ್ತಿತ್ತು. ನನಗೂ ಪಾಪ ಅನ್ನಿಸುತ್ತಿತ್ತು. ಆದರೆ ಆ ಹುಡುಗನ ಮೇಲಿನ ಸಿಟ್ಟನ್ನು ಇವರು ಹುಳಗಳ ಮೇಲೆ ತೀರಿಸಿಕೊಳ್ಳಲು ಹೊರಟಾಗ ಪಾಪ ಅನ್ನಿಸುವುದು ನಿಂತಿತು.

ಹುಳ ಅಂದೆನಲ್ಲ, ಅವು ಇರುವ ಹುಳದ ಮನೆ ನಮ್ಮ ಮನೆಗೂ ಹಿಂದಿನ ಹಿಪ್ಪುನೇರಳೆ ತೋಟಕ್ಕೂ ನಡುವೆ ಇರುವ ಉದ್ದನೆ ಕಟ್ಟಡ. ಹೆಂಚಿನ ಮಾಡು, ದಪ್ಪ ಗೋಡೆ, ಎರಡೂ ಕಡೆ ಜಾಲರಿ ಕಿಟಕಿ. ಒಳಗೆ ಅಂತಸ್ತು ಅಂತಸ್ತಾಗಿ ರೇಷ್ಮೆಹುಳ ಸಾಕುವ ತಟ್ಟೆಗಳು. ಅದು ಅತ್ತೆಯ ರಾಜ್ಯ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು. ಸೆಂಟು, ಪೌಡರು, ಹೂವಿನೆಣ್ಣೆ ಕೂಡದು. ಬೀಡಿ ಸೇದಿ ಬಂದವರು ಹೊಸ್ತಿಲಿಂದಾಚೆ. ಹುಳ ಪೊರೆ ಕಳಚಲು ಮೇವು ಬಿಟ್ಟು ಅಲ್ಲಾಡದೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಜ್ವರದ ದಿನ ಅಡಿಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಕೂಡ ಇಲ್ಲ. ಎಲ್ಲಕ್ಕಿಂತ ಮೇಲಿನ ಕಟ್ಟಳೆ, ಹುಳದ ಮನೆಯಲ್ಲಿ ಯಾರೂ ದನಿಯೆತ್ತಬಾರದು. ಕೆಟ್ಟ ಮಾತು ಕಿವಿಗೆ ಬಿದ್ದರೆ ಹುಳ ನೊಂದುಕೊಳ್ಳುತ್ತದೆ ಅನ್ನುವುದು ಅತ್ತೆಯ ನಂಬಿಕೆ. ಮದುವೆಯಾದ ಹೊಸತರಲ್ಲಿ ಅತ್ತೆಗೂ ನನಗೂ ನಡೆಯುತ್ತಿದ್ದ ಮಾತುಕತೆಯೆಲ್ಲ ಅಂಗಳದಲ್ಲೇ. ಅಲ್ಲಿ ಇಬ್ಬರಿಗೂ ಪೂರ್ತಿ ಸ್ವಾತಂತ್ರ್ಯವಿತ್ತು.

ನಮ್ಮನೆಯವರು ಈ ಮಡಿಯನ್ನೆಲ್ಲ ಜೀವನವಿಡೀ ಆಡಿಕೊಂಡವರು. ಕೊನೆಗೆ ಅಷ್ಟನ್ನೂ ತಂದು ಒಂದು ಕಾಗದದ ಕಟ್ಟಿಗೆ ಸುತ್ತಿದರು. ಕೈ ತೊಳಿ, ಎಣ್ಣೆ ಮುಟ್ಟಬೇಡ, ಊದುಬತ್ತಿ ಹಚ್ಚಬೇಡ, ಬಿಸಿಲು ಬೀಳಬಾರದು, ತೇವ ತಾಗಬಾರದು. ಅಚ್ಚು ಅವರಮ್ಮನೇ. ನಾನು ಹಾಗಂದರೆ ತಾಯಿ ಮಗ ಇಬ್ಬರಿಗೂ ಕೋಪ ಬರುತ್ತಿತ್ತು.

ಒಂದು ಭಾನುವಾರ ಬೆಳಗ್ಗೆ ಅಕ್ಕಿರೊಟ್ಟಿ ತಿನ್ನುತ್ತ ವಿಷಯ ತೆಗೆದರು.

'ಅಮ್ಮಾ, ಇನ್ನು ಸಾಕು. ಈ ಬೆಳೆ ಆದ್ಮೇಲೆ ಹುಳ ನಿಲ್ಲಿಸ್ಬಿಡೋಣ. ನಿಂಗೂ ವಯಸ್ಸಾಯ್ತು, ಮಂಡಿ ನೋವು ಅಂತೀಯ.'

'ಮಂಡಿ ನೋವು ಮಂಡಿದು ಕಣಪ್ಪ, ಹುಳದ್ದಲ್ಲ,' ಅಂದರು ಅತ್ತೆ.

'ಆ ರೂಮು ಖಾಲಿ ಆದ್ರೆ ಸೀಲಿಂಗ್ ಹಾಕಿಸಿ, ಏಸಿ ಕೂರಿಸಿ, ಕಲೆಕ್ಷನ್ ರೂಮ್ ಮಾಡ್ತೀನಿ.'

'ಅಂದ್ರೆ?'

'ಕಾಮಿಕ್ಸ್ ಪುಸ್ತಕ ಇಡೋಕೆ.'

'ಎಷ್ಟೈತೆ ನಿನ್ ತಾವ?'

'ಸದ್ಯಕ್ಕೆ ಒಂದು.'

ನಾನು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಮಗನ ಮುಖವನ್ನೇ ನೋಡಿದರು. ಇದು ತಮಾಷೆ ಅಲ್ಲ ಅಂತ ನನಗಿಂತ ಮೊದಲು ಅವರಿಗೆ ತಿಳಿದಿತ್ತು.

ಆ ಮನೆ ಹೋದರೆ ಅವರಿಗೆ ಏನು ಉಳಿಯುತ್ತದೆ ಅಂತ ನಾನು ಲೆಕ್ಕ ಹಾಕಿ ನೋಡಿದ್ದೇನೆ. ಟೀವಿ ಅವರಿಗೆ ಹಿಡಿಸುವುದಿಲ್ಲ. ಅಡಿಗೆಮನೆ ನನ್ನದಾಗಿ ಬಹಳ ಕಾಲವಾಯಿತು. ಊರಿನಲ್ಲಿ ಯಾರ ಮನೆಯ ಹುಳ ಸೊರಗಿದರೂ, ಮೇವು ಬಿಟ್ಟು ತಲೆ ಎತ್ತಿಕೊಂಡು ಕೂತರೂ, ಮೊದಲು ಕರೆಯುವುದು ಇವರನ್ನು. ತಲೆಗೆ ಟವೆಲು ಸುತ್ತಿಕೊಂಡು ಬಿರಬಿರನೆ ಹೋಗುವಾಗ ಆ ಮಂಡಿಗಳಲ್ಲಿ ನೋವೇ ಇರುತ್ತಿರಲಿಲ್ಲ. ಮಗನನ್ನು ಓದಿಸಿದ್ದೂ ಅದೇ ಹುಳ, ಈ ಮನೆಗೆ ತಾರಸಿ ಹಾಕಿಸಿದ್ದೂ ಅದೇ ಹುಳ. ಅದನ್ನೆಲ್ಲ ಎತ್ತಿ ಆಚೆ ಹಾಕಿ, ಚಡ್ಡಿ ಹಾಕಿದ ಗಡ್ಡದವನಿಗೆ ತಂಪು ಮಾಡಿಕೊಡಬೇಕಂತೆ. ನನಗೆ ಮೈಯೆಲ್ಲ ಉರಿಯಿತು. ಅಂದೆ ಕೂಡ. 'ನೀನು ಸುಮ್ನಿರು, ನಿಂಗೆ ಇದೆಲ್ಲ ಗೊತ್ತಾಗಲ್ಲ' ಅಂತ ಅವರಂದರು.

ಎರಡು ದಿನ ಬಿಟ್ಟು ಅತ್ತೆ ಒಂದು ಮಾತು ಕೇಳಿದರು. 'ಅಲ್ಲ ಮಗಾ, ನಾನು ಜಾಗ ಬಿಡಬೇಕು ಅಂತೀಯ. ಯಾರಿಗೆ ಬಿಡ್ತಾ ಇದೀನಿ ಅಂತ ನಂಗೆ ಗೊತ್ತಾಗ್ಬೇಡ್ವಾ? ಅವನ ಕಥೆ ಏನು, ಓದಿ ಹೇಳ್ಸು.'

ಇದಕ್ಕೆ ಇಲ್ಲ ಅನ್ನುವುದಕ್ಕೆ ನಮ್ಮನೆಯವರಿಗೆ ಬಾಯಿ ಬರಲಿಲ್ಲ. ಊಟದ ಮೇಜಿನ ಮೇಲೆ ಮಡಿಪಂಚೆ ಹಾಸಿದರು. ಫ್ಯಾನು ಆರಿಸಿದರು, ಹಾಳೆ ಹಾರಬಾರದಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ. ಮೂವರೂ ಬೆವರುತ್ತ ಕೂತೆವು. ಅವರು ಗ್ಲೌಸು ತೊಟ್ಟು, ಉಸಿರು ಹಿಡಿದು ಒಂದೊಂದೇ ಹಾಳೆ ತಿರುವಿದರು, ನಾನು ದೂರದಿಂದ ಕತ್ತು ಚಾಚಿ ಓದಿ ಓದಿ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಮೊದಲ ಪುಟದ ಅಂಚು ಒಂದು ಚೂರು ಸೊಟ್ಟಗಾಗಿದ್ದಕ್ಕೆ ಅವರು 'ಅಯ್ಯೋ' ಅಂದ ದನಿಗೆ ಬೀದಿಯ ನಾಯಿ ಬೊಗಳಿತು.

ಕಥೆ ಇಷ್ಟು. ರೈಲ್ವೆ ಹಳಿ ಹಾಕುವ ಒಬ್ಬ ಕೂಲಿ. ಗುಡ್ಡ ಅಗೆಯುವಾಗ ಅವನಿಗೊಂದು ಹಳೇ ಸುತ್ತಿಗೆ ಸಿಗುತ್ತದೆ. ಗುಡುಗು ಬಂದಾಗಲೆಲ್ಲ ಅವನು ಗುಡುಗಿನ ದೇವರಾಗುತ್ತಾನೆ.

'ಮಳೆಗಾಲ ಬಿಟ್ಟು ಬೇರೆ ಕಾಲದಲ್ಲಿ?' ಅಂದರು ಅತ್ತೆ.

'ಕೂಲಿ ಕೆಲಸ,' ಅಂದೆ.

'ಪರ್ವಾಗಿಲ್ಲ, ದುಡಿದು ತಿಂತಾನೆ.'

ಅವನ ಅಪ್ಪ ದೇವರುಗಳಿಗೆಲ್ಲ ಒಡೆಯ, ಒಕ್ಕಣ್ಣ. ಬುದ್ಧಿ ಬರಲಿ ಅಂತ ಒಂದು ಕಣ್ಣು ಕಿತ್ತು ಬಾವಿಗೆ ಹಾಕಿದವನು. ಅತ್ತೆ ಮಗನ ಕಡೆ ಒಮ್ಮೆ ನೋಡಿದರು. ಆ ಅಪ್ಪನ ಹತ್ತಿರ ಎರಡು ಕಾಗೆಗಳು, ದಿನಾ ಲೋಕ ಸುತ್ತಿ ಸುದ್ದಿ ತಂದು ಕಿವಿಯಲ್ಲಿ ಹೇಳುತ್ತವೆ. 'ಅದಕ್ಕೆ ಕಾಗೆ ಯಾಕವ್ವ, ನಮ್ಮ ಬೀದಿ ನಲ್ಲಿ ತಾವ ಒಂದ್ ಗಳಿಗೆ ನಿಂತ್ರೆ ಸಾಕಲ್ಲ' ಅಂದರು ಅತ್ತೆ. ನಮ್ಮನೆಯವರು, 'ಅಮ್ಮಾ, ಎಂಜಲು ಹಾರುತ್ತೆ, ಆ ಕಡೆ ತಿರುಗಿ ಮಾತಾಡು' ಅಂದರು. ಅತ್ತೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು.

ಮುಂದೆ ದೇವರ ರಥ ಬಂತು. ಎಳೆಯುವುದು ಕುದುರೆ ಅಲ್ಲ, ಎರಡು ಹೋತ. ಹಸಿವಾದರೆ ಅವನು ಅದೇ ಹೋತಗಳನ್ನು ಕಡಿದು ಬೇಯಿಸಿ ತಿನ್ನುತ್ತಾನೆ, ಮೂಳೆ ಮುರಿಯದ ಹಾಗೆ ತೊಗಲಿನ ಮೇಲೆ ಇಡುತ್ತಾನೆ, ಬೆಳಗಾಗೆದ್ದು ಸುತ್ತಿಗೆ ಮುಟ್ಟಿಸಿದರೆ ಎರಡೂ ಎದ್ದು ಮತ್ತೆ ರಥಕ್ಕೆ ನಿಲ್ಲುತ್ತವೆ. ಬಾಡೂಟ ಮಾಡುವ ಮನೆಯವಳಾಗಿ ನನಗೆ ಇದು ಬಹಳ ಅನುಕೂಲದ ಏರ್ಪಾಡು ಅನ್ನಿಸಿತು. ಅತ್ತೆ ಮಾತ್ರ ನಗಲಿಲ್ಲ. ಸೆರಗು ಬಾಯಿಂದ ತೆಗೆದು ಹೇಳಿದರು. 'ಒಳ್ಳೆ ದೇವ್ರು ಕಣಮ್ಮ. ನಾವೂ ಸಾಕ್ತೀವಿ, ಸೊಪ್ಪು ಹಾಕ್ತೀವಿ, ಗೂಡು ಕಟ್ಟಿದ ಮೇಲೆ ಕುದಿಯೋ ನೀರಿಗೆ ಕಳಿಸ್ತೀವಿ. ಎಬ್ಬಿಸಾಕೆ ಬರಲ್ಲ ನಮ್ಗೆ.'

ಕೊನೆಯ ಪುಟದಲ್ಲಿ ದೇವರು ಹಸಿರು ಹಾವನ್ನು ಹೊಡೆದ. ಹಾವು ಸಾಯುತ್ತ ಅವನ ಮೇಲೆ ವಿಷ ಉಗುಳಿತು. ಅವನು ತೂರಾಡಿ ಮಂಡಿಯೂರಿದ. ಮುಂದಿನದು ಮುಂದಿನ ಸಂಚಿಕೆಯಲ್ಲಿ ಅಂತ ಕೆಳಗೆ ಬರೆದಿತ್ತು.

'ಸತ್ನಾ, ಬದುಕಿದ್ನಾ?' ಅಂದರು ಅತ್ತೆ.

ನಾನು ನಮ್ಮನೆಯವರ ಮುಖ ನೋಡಿದೆ. ಅವರು ಪುಸ್ತಕದ ಬೆನ್ನು ನೋಡಿದರು.

'ಗೊತ್ತಿಲ್ಲಮ್ಮ. ಮುಂದಿನ ಸಂಚಿಕೆ ನನ್ನ ಹತ್ರ ಇಲ್ಲ.'

'ಇಷ್ಟೆಲ್ಲ ಮಾಡಿ ಅರ್ಧ ಕಥೆ ತಂದಿದ್ದೀಯಾ?'

ಆ ಮಧ್ಯಾಹ್ನ ನಾನು ನಕ್ಕಷ್ಟು ಆ ವರ್ಷದಲ್ಲಿ ನಕ್ಕಿರಲಿಲ್ಲ. ನಮ್ಮನೆಯವರೂ ಕೊನೆಗೆ ನಕ್ಕುಬಿಟ್ಟರು, ಮುಖ ಆ ಕಡೆ ತಿರುಗಿಸಿಕೊಂಡು. ಆ ಸಂತೋಷದಲ್ಲೇ ಅತ್ತೆ ರಾಜಿಯ ಮಾತೆತ್ತಿದರು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ, ಅಷ್ಟು ಒಳ್ಳೆ ಮನಸ್ಸಿನಿಂದ ಹೇಳಿದ್ದು ಅವರು.

'ನೋಡು ಮಗಾ, ಹಿಮದ ಸೀಮೆಯೋನು ಅಂತೀಯ. ಈ ಬಿಸ್ಲಿಗೆ ಹೆಂಗ್ ತಡೀತಾನೆ ಪಾಪ. ನಮ್ಮ ಹುಳಾನೂ ಬಿಸ್ಲು ತಡಿಯಲ್ಲ. ರೂಮು ಖಾಲಿ ಮಾಡೋದೇನು ಬೇಡ, ಇವ್ನನ್ನೂ ಅಲ್ಲೇ ತಂದಿಡು. ತಣ್ಣಗಿರ್ತಾನೆ. ನಂಗೆ ಹುಳ ಬೇರೆ ಅಲ್ಲ, ಇವ್ನು ಬೇರೆ ಅಲ್ಲ, ನೋಡ್ಕೋತೀನಿ.'

ಹೊರಗಿನವರ ನೆರಳು ಕೂಡ ಬೀಳಬಾರದು ಅನ್ನುವ ಮನೆಯೊಳಗೆ ಅವನನ್ನು ಕರೆದರು. ಇದಕ್ಕಿಂತ ದೊಡ್ಡ ಮರ್ಯಾದೆ ಅತ್ತೆಯ ಕೈಯಲ್ಲಿರಲಿಲ್ಲ. ನಮ್ಮನೆಯವರು ಎದ್ದು ಕಾಲು ತೊಳೆದು ಹುಳದ ಮನೆಗೆ ಹೋದರು. ಎಷ್ಟೋ ವರ್ಷವಾಗಿತ್ತು ಅವರು ಅಲ್ಲಿ ಕಾಲಿಟ್ಟು. ಹೊರಗೆ ಹೆಂಚು ಸಿಡಿಯುವಂಥ ಬಿಸಿಲು, ಒಳಗೆ ತಣ್ಣಗೆ ಹಾಯೆನಿಸುತ್ತಿತ್ತು. ಗೋಡೆಯ ಮೇಲೆ ರೇಷ್ಮೆ ಇಲಾಖೆಯವರು ಕೊಟ್ಟ ಥರ್ಮಾಮೀಟರು ಇತ್ತು. ಅದನ್ನು ನೋಡಿ ಅವರ ಮುಖ ಅರಳಿತು. 'ಕರೆಕ್ಟಾಗಿ ಎಷ್ಟಿರಬೇಕೋ ಅಷ್ಟಿದೆ ಕಣೇ! ಏಸಿ ಹಾಕ್ಸಿದ್ರೂ ಹೀಗೆ ನಿಲ್ಲಲ್ಲ.' ಅದೇ ಹಲಗೆಯ ಮೇಲೆ ಪಕ್ಕದಲ್ಲೇ ಇನ್ನೊಂದು ನಳಿಗೆ, ತುದಿಗೆ ಬತ್ತಿ ಸುತ್ತಿ ನೀರಿಗೆ ಇಳಿಬಿಟ್ಟದ್ದು. ಗಾಳಿಯಲ್ಲಿ ತೇವ ಎಷ್ಟಿದೆ ಅಂತ ಹೇಳುವುದೇ ಅದರ ಕೆಲಸ. ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಆ ತಂಪು ಎಲ್ಲಿಂದ ಬರುತ್ತಿತ್ತು? ಬೇಸಿಗೆಯಲ್ಲಿ ಹುಳ ಒಣಗಬಾರದು ಅಂತ ಅತ್ತೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿ, ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿದ್ದರು. ನೆಲಕ್ಕೆ ಮರಳು ಹಾಸಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಇದನ್ನು ಅತ್ತೆ ಜೀವನವಿಡೀ ಮಾಡಿದ್ದಾರೆ. ಇವರು ಹುಟ್ಟಿದಾಗಿಂದ ನೋಡಿದ್ದಾರೆ. ನಾನು ಆ ಕೊಡಗಳನ್ನು ಹೊತ್ತಿದ್ದೇನೆ. ಆದರೂ ಆ ತೇವದ ಯೋಚನೆ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮೂವರಿಗೂ ತಂಪು ಅಂದರೆ ಒಳ್ಳೆಯದು, ಬಿಸಿ ಅಂದರೆ ಕೆಟ್ಟದ್ದು. ಹುಳ ಸಾಕುವವರಿಗೆ ಅದರಾಚೆ ಲೋಕವಿಲ್ಲ. ಕಿಟಕಿಯ ಮೇಲೆ ಗೋಡೆಯಲ್ಲಿದ್ದ ಗೂಡಿನಲ್ಲಿ, ಒದ್ದೆ ತಾಟಿನ ನೆತ್ತಿಗೆ ಸರಿಯಾಗಿ, ದೇವರನ್ನು ಪ್ರತಿಷ್ಠೆ ಮಾಡಿದೆವು. ಅತ್ತೆ ಗೂಡಿನ ಕೆಳಗೆ ಗೋಡೆಗೆ ಅರಿಶಿನ ಕುಂಕುಮ ಇಟ್ಟರು. ಪುಸ್ತಕಕ್ಕೆ ಇಡಲು ಕೈ ಎತ್ತಿದವರು ಮಗನ ಮುಖ ನೋಡಿ ಇಳಿಸಿದರು.

ಆ ಬೆಳೆ ನಡೆದ ದಿನಗಳು ನಮ್ಮ ಮನೆಯ ಬಹಳ ಒಳ್ಳೆಯ ದಿನಗಳು. ನಮ್ಮನೆಯವರು ಕೆಲಸದಿಂದ ಬಂದವರೇ ಕಾಲು ತೊಳೆದು ಹುಳದ ಮನೆಗೆ ಹೋಗುತ್ತಿದ್ದರು. ದೇವರನ್ನು ನೋಡಿದ ನೆಪದಲ್ಲಿ ಅಮ್ಮನಿಗೆ ಸೊಪ್ಪಿನ ಕಟ್ಟು ಎತ್ತಿಕೊಡುತ್ತಿದ್ದರು. ಒಂದು ದಿನ ಸ್ಟೂಲು ಹತ್ತಿದಾಗ ಕವರಿನ ಒಳಗೆ ಆವಿ ಕಟ್ಟಿದ್ದು ಕಂಡು, ಉಸಿರಾಡಲಿ ಅಂತ ಬಾಯಿ ಬಿಚ್ಚಿಟ್ಟರು. 'ಹಂಗೇ ಬಿಡು, ಜೀವ ಇರೋದನ್ನ ಪ್ಲಾಸ್ಟಿಕ್‌ನಲ್ಲಿ ಕಟ್ಟಿದ್ರೆ ತಡಿಯಲ್ಲ' ಅಂತ ಅತ್ತೆಯೂ ಅಂದರು. ಅಷ್ಟು ಎತ್ತರದಲ್ಲಿ ಕೆಳಗಿಂದ ನಮಗೆ ಕಾಣುತ್ತಿದ್ದದ್ದು ರಟ್ಟಿನ ಅಂಚೊಂದೇ. ಗ್ಲೌಸು ಇಲ್ಲದೆ ಇಳಿಸಬಾರದು ಅನ್ನುವ ಕಟ್ಟಳೆ ಇದ್ದದ್ದರಿಂದ ನಾವು ಇಳಿಸಲಿಲ್ಲ, ಅವರು ಕೆಳಗಿಂದಲೇ ನೋಡಿ ತೃಪ್ತರಾದರು.

ಹುಳ ಕೊನೆಯ ಜ್ವರ ಎದ್ದು ಹೊಟ್ಟೆ ತುಂಬ ತಿನ್ನುತ್ತಿದ್ದ ಸಮಯದಲ್ಲಿ ಬೆಂಗಳೂರಿಂದ ಒಬ್ಬ ಬಂದ. ಹಳೇ ಕಾಮಿಕ್ಸ್ ಕೂಡಿಡುವವರ ಗುಂಪಿನಲ್ಲಿ ದೊಡ್ಡ ಹೆಸರಂತೆ. ಇವರ ಪುಸ್ತಕ ನೋಡಿ, ಮೆಚ್ಚಿದರೆ ಗುಂಪಿಗೆ ಸೇರಿಸಿಕೊಳ್ಳುತ್ತಾನಂತೆ. ನಮ್ಮನೆಯವರು ಅವತ್ತು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಣ್ಣು ತೋರಿಸುವ ಮನೆಯವರ ಹಾಗೆ ಓಡಾಡಿದರು. ಆ ಮನುಷ್ಯ ಜುಟ್ಟು ಕಟ್ಟಿದ್ದ, ಕೊರಳಲ್ಲಿ ಭೂತಗನ್ನಡಿ ನೇತುಹಾಕಿದ್ದ. ಅತ್ತೆ ಅವನಿಗೂ ಕಾಲು ತೊಳೆಸಿದರು, ಸುಣ್ಣ ತುಳಿಸಿದರು. ಹೀಗೂ ಉಂಟಾ ಅನ್ನುವ ಮುಖ ಮಾಡಿಕೊಂಡೇ ಒಳಗೆ ಬಂದ.

ನಮ್ಮನೆಯವರು ಗ್ಲೌಸು ತೊಟ್ಟು ದೇವರನ್ನು ಇಳಿಸಿದರು. ರಟ್ಟಿನ ಜೊತೆ ಪುಸ್ತಕ ಬರಲಿಲ್ಲ, ಪುಸ್ತಕಕ್ಕೆ ಅಂಟಿಕೊಂಡೇ ರಟ್ಟು ಬಂತು. ಹಪ್ಪಳ ಎಣ್ಣೆಗೆ ಬಿಟ್ಟ ಹಾಗೆ ಹಾಳೆಗಳು ಉಬ್ಬಿ ಅಲೆ ಅಲೆಯಾಗಿದ್ದವು. ದೇವರ ಮೂಗಿನ ಮೇಲೆ, ಸುತ್ತಿಗೆಯ ಮೇಲೆ, ಸಿಡಿಲಿನ ಉದ್ದಕ್ಕೂ ಕರೀ ಬೂಷ್ಟಿನ ಚುಕ್ಕೆ. ನಡುವಿನ ಪಿನ್ನುಗಳು ತುಕ್ಕು ಹಿಡಿದು ಹಾಳೆಗೆ ಕೆಂಪು ಇಳಿದಿತ್ತು. ಹಾವು ಮಾತ್ರ ಚೆನ್ನಾಗಿತ್ತು, ಮೊದಲಿಗಿಂತ ಹಸಿರಾಗಿತ್ತು.

ಆ ಮನುಷ್ಯ ಭೂತಗನ್ನಡಿ ಎತ್ತಲೂ ಇಲ್ಲ. 'ಮುಗೀತು ಗುರು,' ಅಂದ. 'ಇದನ್ನ ಇನ್ನು ಓದಬಹುದು, ಅಷ್ಟೇ.' ಓದಬಹುದು ಅನ್ನುವುದನ್ನು ಅವನು ಹೇಳಿದ ಧಾಟಿಯಲ್ಲಿ ವೈದ್ಯರು ಮನೆಗೆ ಕರ್ಕೊಂಡ್ಹೋಗಿ ಅನ್ನುತ್ತಾರೆ. ಅತ್ತೆ, 'ಎಳೇ ಬಿಸ್ಲಿಗೆ ಹಾಕಿದ್ರೆ ಸರಿ ಹೋಗಲ್ವಾ ಸ್ವಾಮಿ?' ಅಂತ ಕೇಳಿದರು. ಅವನು ನಾನು ತಂದ ಮಜ್ಜಿಗೆಯನ್ನೂ ಕುಡಿಯದೆ ಕಾರು ಹತ್ತಿದ.

ಅವನನ್ನು ಕಳಿಸಿ ನಮ್ಮನೆಯವರು ಮತ್ತೆ ಹುಳದ ಮನೆಗೆ ಬಂದರು. ಅತ್ತೆ ಸೊಪ್ಪು ಹಾಕುತ್ತಿದ್ದರು, ನಾನು ಕಡ್ಡಿ ಆಯುತ್ತಿದ್ದೆ. ಚಪ್ಪಲಿ ಬಿಟ್ಟಿರಲಿಲ್ಲ ಅವರು.

'ನೀನು ಬೇಕಂತಲೇ ಮಾಡ್ದೆ,' ಅಂದರು.

ಅತ್ತೆಗೆ ಅರ್ಥವಾಗಲಿಲ್ಲ. ಬಾಯಿಗೆ ಬೆರಳಿಟ್ಟು, 'ಮೆಲ್ಲಗೆ ಮಗಾ, ಹುಳ ಐತೆ' ಅಂದರು.

'ರೂಮು ಬಿಡಬೇಕಾಗುತ್ತೆ ಅಂತ ಬೇಕಂತಲೇ ಮಾಡ್ದೆ! ಪುಸ್ತಕ ಹಾಳಾದ್ರೆ ರೂಮ್ ಕೇಳಲ್ಲ ಅಂತ! ಇಲ್ಲೇ ತಂದಿಡು ಅಂತ ನೀನೇ ತಾನೇ ಅಂದಿದ್ದು?'

'ರೀ!' ಅಂತ ನಾನು ಕೂಗಿದೆ. ಹುಳದ ಮನೆಯಲ್ಲಿ ಅಂತ ನನಗೂ ನೆನಪಾಗಲಿಲ್ಲ. ಅವರಿಗೆ ನನ್ನ ದನಿ ಕೇಳಿಸಲೇ ಇಲ್ಲ.

'ಹುಳ ಐತೆ, ಹುಳ ಐತೆ! ಹಾಳಾಗ್ಹೋಗ್ಲಿ ನಿನ್ ಹುಳ!'

ಅತ್ತೆ ಕೈಯಲ್ಲಿದ್ದ ರೆಂಬೆಯನ್ನು ತಟ್ಟೆಯ ಮೇಲೆ ಇಟ್ಟರು. ಇನ್ನೊಂದು ತೆಗೆದುಕೊಂಡರು, ಅದನ್ನೂ ಇಟ್ಟರು. ಮಗನ ಕಡೆ ತಿರುಗಲಿಲ್ಲ. ನಮ್ಮನೆಯವರು ಹೊರಟುಹೋದರು. ಅತ್ತೆ ಬಾಗಿಲಿಗೆ ಹೋಗಿ, ಚಪ್ಪಲಿಯ ಗುರುತಿನ ಮೇಲೆ ಹೊಸದಾಗಿ ಸುಣ್ಣ ಎರಚಿ ಬಂದು ಮಿಕ್ಕ ತಟ್ಟೆಗಳಿಗೆ ಸೊಪ್ಪು ಹಾಕಿದರು.

ಹುಳ ನೊಂದುಕೊಂಡವೋ ಇಲ್ಲವೋ, ಆ ಸಲದ ಗೂಡು ಮಾತ್ರ ಬಹಳ ಚೆನ್ನಾಗಿ ಬಂತು. ಮಾರುಕಟ್ಟೆಯಲ್ಲಿ ಕೈಗೆತ್ತಿಕೊಂಡು ನೋಡಿದವರೆಲ್ಲ ಯಾರ ಮನೆಯದು ಅಂತ ಕೇಳಿದರಂತೆ. ಅದರ ಮಾರನೇ ದಿನದಿಂದ ಅತ್ತೆ ತೊಳೆಯಲು ಕೂತರು. ತಟ್ಟೆಗಳನ್ನು ಉಜ್ಜಿ ಬಿಸಿಲಿಗಿಟ್ಟರು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು, ಮರಳು ಬಾಚಿ ಆಚೆ ಹಾಕಿಸಿದರು. ಪ್ರತಿ ಬೆಳೆ ಮುಗಿದ ಮೇಲೂ ತೊಳೆಯುವುದುಂಟು, ಹಾಗಾಗಿ ನನಗೆ ಅನುಮಾನ ಬರಲಿಲ್ಲ. ಕೊನೆಗೆ ಗೋಣಿತಾಟುಗಳನ್ನೂ ಬಿಚ್ಚಿ ಮಡಚಿಟ್ಟಾಗ ಬಂತು. ಸಂಜೆ ಮಗನ ಎದುರು ಬೀಗದ ಕೈ ಇಟ್ಟರು.

'ತಗೋ ಮಗಾ. ಚೆನ್ನಾಗಿ ಒಣಗ್ಲಿ ಅಂತ ಕಿಟ್ಕಿ ಎಲ್ಲ ತೆಗ್ದಿಟ್ಟಿದ್ದೀನಿ.'

ಮರ್ಯಾದೆ ಇರುವ ಯಾರಾದರೂ ಆ ಬೀಗದ ಕೈಯನ್ನು ಅಲ್ಲೇ ವಾಪಸು ಕೊಡುತ್ತಿದ್ದರು. ನಮ್ಮನೆಯವರು ಜೇಬಿಗೆ ಹಾಕಿಕೊಂಡರು. ಸೀಲಿಂಗ್ ಹಾಕುವವರಿಗೆ ಮೊದಲೇ ಹೇಳಿಯಾಗಿತ್ತಂತೆ, ಬೇಡ ಅನ್ನಲು ನಾಚಿಕೆಯಾಯಿತಂತೆ. ಅಮ್ಮನ ಎದುರು ಆಗದ ನಾಚಿಕೆ ಸೀಲಿಂಗಿನವನ ಎದುರು ಆಯ್ತಾ ಅಂತ ಕೇಳಿದೆ. ಬಿಳೀ ಸೀಲಿಂಗು ಬಂತು, ಏಸಿ ಬಂತು, ಗಾಜಿನ ಕಪಾಟು ಬಂತು. ಕಪಾಟಿನಲ್ಲಿ ಬೂಷ್ಟು ಹಿಡಿದ ದೇವರು ಒಬ್ಬನೇ. ನಾನು ಸಾರನ್ನ ಕಲಸಿದ ಕೈಯನ್ನು ಸೀರೆಗೆ ಒರೆಸಿಕೊಂಡು ಹೋಗಿ ಪುಸ್ತಕ ತೆಗೆದು ಇನ್ನೊಮ್ಮೆ ಓದಿದೆ. ನಮ್ಮನೆಯವರು ಆ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದರು. ಅತ್ತೆ ಜಗುಲಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಆ ಮಳೆಗಾಲದಲ್ಲಿ ಅವರ ಮಂಡಿ ನಿಜವಾಗಿ ನೋಯತೊಡಗಿತು.

ನಮ್ಮನೆಯವರಿಗೆ ಬುದ್ಧಿ ಬಂತು. ಬರುತ್ತದೆ, ನಿಧಾನ ಅಷ್ಟೇ. ಮೊದಲು ನನ್ನ ಕೈಯಲ್ಲಿ ಹೇಳಿಸಲು ನೋಡಿದರು. 'ಅಮ್ಮಂಗೆ ಹೇಳು, ಅವತ್ತು ಏನೋ ಬಾಯಿಗೆ ಬಂತು ಅಂತ.' ನಾನು ನಿಮ್ಮ ಕಾಗೆಯಲ್ಲ, ನೀವೇ ಹೋಗಿ ಹೇಳಿ ಅಂದೆ. ಕೊನೆಗೊಂದು ಬೆಳಗ್ಗೆ ಅತ್ತೆ ಮತ್ತು ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ, ಕೆಲಸಕ್ಕೆ ಹೊರಟ ಬಟ್ಟೆಯಲ್ಲೇ ಕೆಸರು ತುಳಿದುಕೊಂಡು ಬಂದರು.

'ಅಮ್ಮಾ, ಮರಿಹುಳಕ್ಕೆ ಹೇಳಿದ್ದೀನಿ. ಬುಧವಾರ ಹೋಗಿ ತರ್ತೀನಿ.'

'ಸೊಪ್ಪು ಪಕ್ಕದ ಮನೆಯೋರ್ಗೆ ಕೊಟ್ಬಿಟ್ಟಿದ್ದೀನಿ ಕಣಪ್ಪ.'

'ನಾನು ಹೋಗಿ ಮಾತಾಡ್ತೀನಿ. ಬೇರೆ ಕಡೆ ನೋಡ್ಕೊಳ್ಳಲಿ.'

'ಅವರ ಹುಳ ಈಗ ತಾನೇ ಮೂರನೇ ಜ್ವರ ಎದ್ದೈತೆ. ಉಪವಾಸ ಕೆಡವಾಕೆ ಆಯ್ತದಾ?'

'ಹಾಗಾದ್ರೆ ಮುಂದಿನ ಬೆಳೆಗೆ. ಆ ಸೀಲಿಂಗು ಗೀಲಿಂಗು ಎಲ್ಲ ಕೀಳಿಸ್ತೀನಿ. ಏಸಿ ಮಾರಿಬಿಡ್ತೀನಿ. ನಿಂಗೆ ಮೊದ್ಲು ಹೆಂಗಿತ್ತೋ ಹಂಗೇ ಮಾಡಿಕೊಡ್ತೀನಮ್ಮ.'

ಇಷ್ಟು ದಿನ ಅವರನ್ನು ಆಡಿಕೊಂಡ ನನಗೂ ಆಗ ಆಡಿಕೊಳ್ಳುವ ಮನಸ್ಸಾಗಲಿಲ್ಲ. ಹೂಂ ಅನ್ನಿ ಅತ್ತೆ, ಹೂಂ ಅನ್ನಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತೆ ಕುಡುಗೋಲು ಕೆಳಗಿಟ್ಟು ಸೊಪ್ಪಿನ ಕಟ್ಟಿಗೆ ಹಗ್ಗ ಬಿಗಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು.

'ರೂಮಿಗೋಸ್ಕರ ಬೇಕಂತ ಮಾಡ್ದೆ ಅಂದ್ಯಲ್ಲಪ್ಪ. ಈಗ ನಾನು ಹೋಗಿ ಆ ರೂಮಲ್ಲಿ ಹುಳ ಬಿಟ್ರೆ, ನೀ ಅಂದಿದ್ದು ನಿಜ ಆಗೋಯ್ತದೆ.'

ಅತ್ತೆ ನನ್ನ ಕಡೆ ತಿರುಗಿ, 'ಕಟ್ಟು ನನ್ ತಲೆ ಮೇಲಿಡಮ್ಮ' ಅಂದರು. ಇಟ್ಟೆ. ಪಕ್ಕದ ಮನೆಯ ಹುಳಗಳಿಗೆ ಸೊಪ್ಪಿನ ಹೊತ್ತಾಗಿತ್ತು.